ಕಾಲ್ ಒತ್ತಿದ ಬೆರಳು

ಫೋನು ಇಟ್ಟ ಜಾಗದಲ್ಲೇ ಇತ್ತು. ಅದರೊಳಗಿದ್ದ ಒಂದು ಲಕ್ಷ ಅರವತ್ತು ಸಾವಿರ ಇರಲಿಲ್ಲ.

ವಸಂತ ಪರದೆಯನ್ನು ಅಂಗಿಯ ತುದಿಯಿಂದ ಉಜ್ಜಿ ಮತ್ತೆ ನೋಡಿದ. ಉಜ್ಜಿದರೆ ದುಡ್ಡು ವಾಪಸು ಬರುತ್ತದೆಯೇ? ‘ನಿಮ್ಮ ಬಳಿ ಹಣವಿಲ್ಲ, ಸೇರಿಸುವಿರಾ?’ ಎಂದು ಆ್ಯಪ್ ಬಲು ಮರ್ಯಾದೆಯಿಂದ ಕೇಳುತ್ತಿತ್ತು. ಹಿತ್ತಲಿಗೆ ಹೋಗಿ ನೀರಿನ ಮೋಟರ್ ಆಫ್ ಮಾಡಿ ಬರುವಷ್ಟರಲ್ಲಿ ಯಾರೋ ಅವನ ಪರವಾಗಿ ‘ಕಾಲ್’ ಒತ್ತಿದ್ದರು. ಎದುರಿನವನು ಕಟ್ಟಿದಷ್ಟನ್ನೂ ನಾನೂ ಕಟ್ಟುತ್ತೇನೆ ಎಂದು ಅದರ ಅರ್ಥ. ಎದುರಿನವನು ಇದ್ದಬದ್ದದ್ದನ್ನೆಲ್ಲ ಕಟ್ಟಿದ್ದ.

ಅದು 2024ರ ಜನವರಿ. ದುಡ್ಡು ಕಟ್ಟಿ ಆಡುವ ಆ್ಯಪ್‌ಗಳಿಗೆ ಸರ್ಕಾರ ಇನ್ನೂ ಬೀಗ ಜಡಿದಿರಲಿಲ್ಲ. ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ಓಡಿಸುವ ವಸಂತ ಎರಡು ವರ್ಷದಿಂದ ಪೋಕರ್ ಆಡುತ್ತಿದ್ದ. ಮೊದಲ ವರ್ಷ ಹೆಂಡತಿಯ ಕಣ್ಣು ತಪ್ಪಿಸಿ ಆಡಿ ಸಿಕ್ಕಿಬಿದ್ದ. ಇನ್ನೊಂದು ಸುಳ್ಳು ಹೇಳಿದರೆ ಹೊಳೆಹೊನ್ನೂರಿನ ತವರಿಗೆ ಹೊರಡುತ್ತೇನೆ ಎಂದು ಭೂಮಿಕಾ ಆಗಲೇ ಹೇಳಿದ್ದಳು. ಈ ಭಾನುವಾರ ಹಣವನ್ನೆಲ್ಲ ತೆಗೆದು, ಆ್ಯಪ್ ಅಳಿಸಿ, ಶಿವಮೊಗ್ಗದ ವಿನೋಬನಗರದಲ್ಲಿ ನೋಡಿಟ್ಟ ಮನೆಯ ಲೀಸಿಗೆ ಕೊಡುವುದೆಂದು ಮಾತಾಗಿತ್ತು. ತೆಗೆಯುವ ಮುಂಚೆ ಕೊನೆಯದಾಗಿ ಒಂದೇ ಒಂದು ಆಟ ಎಂದು ಅವನು ಕೂತಿದ್ದ. ಕೊನೆಯ ಆಟ ಆಡಿ ಎದ್ದವರನ್ನು ಯಾರು ಕಂಡಿದ್ದಾರೆ?

“ನಾನು ಒತ್ತಿಲ್ಲ ಭೂಮಿ. ಎಲೆ ಕೆಳಗಿಡೋನಿದ್ದೆ. ಅಷ್ಟರಲ್ಲಿ ನೀನು ಮೋಟರ್ ಮೋಟರ್ ಅಂತ ಕೂಗ್ದೆ.”

“ಹಾಗಾದ್ರೆ ದೆವ್ವ ಬಂದು ಒತ್ತಿತಾ?”

“ಯಾರೋ ಒತ್ತಿದಾರೆ.”

ಭೂಮಿಕಾ ಅಳಲಿಲ್ಲ, ಕೂಗಾಡಲಿಲ್ಲ. ಬೀರುವಿನ ಮೇಲಿದ್ದ ಬ್ಯಾಗ್ ಇಳಿಸಿದಳು. “ದುಡ್ಡು ಹೋದ್ರೆ ಹೋಗ್ಲಿ ರೀ. ಸುಳ್ಳು ಹೇಳೋರ ಜೊತೆ ನನ್ ಕೈಲಿ ಆಗಲ್ಲ.” ಆಮೇಲೆ ಶಿವಮೊಗ್ಗಕ್ಕೆ ಫೋನು ಹಚ್ಚಿ ತನ್ನ ದೊಡ್ಡಮ್ಮನನ್ನು ಕರೆಸಿದಳು. ಕರೆದುಕೊಂಡು ಹೋಗಲಿ ಎಂದೇ ಕರೆಸಿದ್ದು.

ಆ ದೊಡ್ಡಮ್ಮ ತುಂಗಮ್ಮ. ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಮೂರೂವರೆಗೆ, ವಸಂತನ ಮನೆಯಿದ್ದ ಜನ್ನಾಪುರದಲ್ಲಿ ಬಸ್ಸಿಳಿದು ಬಂದರು. ಕಟ್ಟಿಟ್ಟ ಬ್ಯಾಗು ನೋಡಿದರು, ಅಳಿಯನ ಮುಖ ನೋಡಿದರು. ನೀರು ಕುಡಿದು ಕುರ್ಚಿ ಎಳೆದುಕೊಂಡರು.

“ಅಳಿಯಂದ್ರೇ, ಎಷ್ಟು ಹೊತ್ತು ಆಚೆ ಇದ್ರಿ?”

“ಒಂದು ನಿಮಿಷ ಇಲ್ಲ ದೊಡ್ಡಮ್ಮ.”

“ಫೋನ್ ಲಾಕ್ ಆಗ್ಲಿಲ್ವಾ?”

“ಆಟ ನಡೀವಾಗ ಆಗಲ್ಲ.”

“ಏನೂ ಒತ್ತದೇ ಇದ್ದಿದ್ರೆ?”

“ಟೈಮ್ ಮುಗಿದ ಮೇಲೆ ಅದೇ ಎಲೆ ಮಡಚುತ್ತೆ. ಅಲ್ಲೀವರೆಗೆ ಕಟ್ಟಿದ್ದ ಹತ್ತು ಸಾವಿರ ಹೋಗ್ತಿತ್ತು, ಉಳಿದದ್ದು ಉಳೀತಿತ್ತು.”

“ಏಳೋ ಮುಂಚೆ ನೀವು ಏನಾದ್ರೂ ಒತ್ತಿದ್ರಾ?”

ವಸಂತ ಫೋನು ಮಗುಚಿಟ್ಟ. “ಇಲ್ಲ,” ಎಂದ. ಕಾಲ್ ಒತ್ತಿರಲಿಲ್ಲ ಎನ್ನುವುದು ನಿಜ. ಏನೂ ಒತ್ತಿರಲಿಲ್ಲ ಎನ್ನುವುದು ನಿಜವಲ್ಲ. ಎರಡನ್ನೂ ಸೇರಿಸಿ ಒಂದೇ ‘ಇಲ್ಲ’ದಲ್ಲಿ ದಾಟಿಸಿಬಿಟ್ಟೆನಲ್ಲ ಎಂದು ಅವನಿಗೆ ಒಳಗೊಳಗೇ ಅಳುಕಾಯಿತು.

ತುಂಗಮ್ಮ ಭೂಮಿಕಾಳತ್ತ ತಿರುಗಿದರು. “ನೀನೆಲ್ಲಿದ್ದೆ?”

“ಟೆರೇಸಲ್ಲಿ, ಬಟ್ಟೆ ಹಾಕ್ತಿದ್ದೆ. ಟ್ಯಾಂಕ್ ತುಂಬಿ ಚೆಲ್ತಿತ್ತು, ಕೂಗ್ದೆ. ನೀರು ನಿಂತ ಮೇಲೆ ಇಳಿದು ಬಂದೆ.”

“ಆ್ಯಪ್ ಕಂಡ್ರೆ ನಿಂಗೆ ಆಗಲ್ಲ. ಸಿಟ್ಟಲ್ಲಿ ಏನೋ ಒಂದು ಒತ್ತಿದ್ಯಾ?”

“ಸಿಟ್ಟು ಬಂದ್ರೆ ಫೋನ್ ಎತ್ತಿ ಬಾವಿಗೆ ಹಾಕ್ತೀನಿ ದೊಡ್ಡಮ್ಮ. ಒತ್ತಿಕೊಂಡು ಕೂರಲ್ಲ.”

ತುಂಗಮ್ಮ ಒಪ್ಪಿದವರಂತೆ ತಲೆಯಾಡಿಸಿದರು. ಮುಂದಿನ ಸರದಿ ಭೂಮಿಕಾಳ ಅಣ್ಣ ಹರಿಪ್ರಸಾದನದು. ಭಾನುವಾರದ ಊಟಕ್ಕೆಂದು ಬೆಳಿಗ್ಗೆಯೇ ಬಂದಿದ್ದ. ಪೋಕರ್ ಕಲಿಸಿದವನೂ ಅವನೇ. ಹೋದ ತಿಂಗಳು ಅದೇ ಆಟದಲ್ಲಿ ವಸಂತನ ಕೈಲಿ ಸೋತು ಒಂದು ವಾರ ಮಾತು ಬಿಟ್ಟವನೂ ಅವನೇ.

“ನಾನು ಜಗಲಿ ಮೇಲೆ ಫೋನಲ್ಲಿ ಮಾತಾಡ್ತಿದ್ದೆ. ಬೇಕಾದ್ರೆ ಟೈಮ್ ನೋಡಿ ದೊಡ್ಡಮ್ಮ.”

“ಫೋನ್ ಹಿಡಿಯೋಕೆ ಒಂದು ಕೈ ಸಾಕಲ್ಲ? ಇನ್ನೊಂದು ಕೈ ಏನ್ ಮಾಡ್ತಿತ್ತು?”

“ಅಯ್ಯೋ ಮಾರಾಯ್ತಿ,” ಎಂದುಬಿಟ್ಟ ಹರಿಪ್ರಸಾದ, ಆಮೇಲೆ ನಾಲಿಗೆ ಕಚ್ಚಿಕೊಂಡ. “ಭಾವ ಸೋತ್ರೆ ನನ್ ತಂಗೀಗೇ ಅಲ್ವಾ ನಷ್ಟ?”

ಕೊನೆಗೆ ಉಳಿದವರು ವಸಂತನ ಅಪ್ಪ ಪುಟ್ಟಯ್ಯ. ಕಾರ್ಖಾನೆಯಿಂದ ನಿವೃತ್ತರಾಗಿ ಹತ್ತು ವರ್ಷ. ಮನೆಯಲ್ಲಿ ಮಕ್ಕಳಾಟದ ಇಸ್ಪೀಟ್ ಎಲೆ ಕಂಡರೂ ಒಲೆಗೆ ಹಾಕುತ್ತಿದ್ದ ಮನುಷ್ಯ. ಬೆಳಗಿನಿಂದ ಹಾಲ್‌ನಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಊಟ ಯಾರಿಗೂ ಸೇರಿರಲಿಲ್ಲ. ಆದರೂ ಅವರು ಹಿಸುಕುವುದನ್ನು ನಿಲ್ಲಿಸಿರಲಿಲ್ಲ.

“ಬೀಗರೇ, ನೀವೇನಾದ್ರೂ ನೋಡಿದ್ರಾ?”

“ನನ್ನೇನ್ ಕೇಳ್ತೀರಿ ತಾಯಿ. ಹುಟ್ಟಿದಾಗಿಂದ ಒಂದು ಎಲೆ ಕೈಲಿ ಹಿಡಿದವನಲ್ಲ. ಕೈಯೆಲ್ಲ ಅವರೆಕಾಳು ನೋಡಿ.” ಪುಟ್ಟಯ್ಯ ಒದ್ದೆ ಕೈ ಚಾಚಿ ತೋರಿಸಿದರು. “ಅದು ಶುದ್ಧ ಮೋಸದ ಆ್ಯಪ್ಪು. ಕೈಲಿ ಸೀಕ್ವೆನ್ಸ್ ಇದ್ದೋನ ದುಡ್ಡನ್ನ ಬರೀ ಕಲರ್ ಇದ್ದೋನಿಗೆ ಎತ್ತಿ ಕೊಡುತ್ತೆ ಅಂದ್ರೆ ಅದೊಂದು ಆಟವಾ? ನನ್ ಮಗ ಸುಳ್ಳು ಹೇಳೋನಲ್ಲ.”

ಮನೆಯಲ್ಲಿ ಒಬ್ಬರಾದರೂ ತನ್ನ ಪರ ಇದ್ದಾರಲ್ಲ ಎಂದು ವಸಂತನಿಗೆ ಕಣ್ಣು ತುಂಬಿತು. ತುಂಗಮ್ಮ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡರು.

“ಅಳಿಯಂದ್ರೇ, ಆ ಆಟದಲ್ಲಿ ಯಾರಿಗೆ ಯಾವ ಎಲೆ ಬಂದಿತ್ತು ಅಂತ ಈಗ ನೋಡೋಕಾಗುತ್ತಾ?”

“ಆಗುತ್ತೆ, ರೆಕಾರ್ಡ್ ಇರುತ್ತೆ.” ವಸಂತ ಹುಡುಕಿ ತೆಗೆದು ತೋರಿಸಿದ. ಅವನ ಕೈಯಲ್ಲಿ ಎಂಟು, ಒಂಬತ್ತು. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಆರು, ಏಳು, ಹತ್ತು, ಎರಡು, ರಾಜ. ಆರರಿಂದ ಹತ್ತರವರೆಗೆ ಸಾಲು ಕೂಡಿತ್ತು. ಆದರೆ ನಡುವಿನ ಎಲೆಗಳಲ್ಲಿ ಏಳು, ಹತ್ತು, ರಾಜ ಮೂರೂ ಕೆಂಪು ಆಟಿನ್. ಎದುರಿನವನ ಕೈಯಲ್ಲಿ ಇನ್ನೆರಡು ಆಟಿನ್ ಇದ್ದವು; ಒಂದೇ ಜಾತಿಯ ಐದು ಎಲೆ, ಅಂದರೆ ಕಲರ್.

“ನಿಮ್ಮದು ಸೀಕ್ವೆನ್ಸ್, ಅವನದು ಕಲರ್. ಯಾವುದು ದೊಡ್ಡದು?”

“ಪೋಕರಲ್ಲಿ ಕಲರ್ರೇ ದೊಡ್ಡದು ದೊಡ್ಡಮ್ಮ,” ಹರಿಪ್ರಸಾದ ಹೇಳಿದ. “ಮೊದಲ್ನೇ ದಿನ ಕಲಿಸೋದೇ ಅದು.”

“ನಾನು ದಾಳಿ ಮಾಡಿದ ಅಡ್ಡೆಗಳಲ್ಲೆಲ್ಲ ಸೀಕ್ವೆನ್ಸೇ ದೊಡ್ಡದಿತ್ತಲ್ಲಪ್ಪ.”

“ಅದು ಮೂರೆಲೆ, ತೀನ್ ಪತ್ತಿ. ಅದರಲ್ಲಿ ಉಲ್ಟಾ.”

“ಹೌದು, ಉಲ್ಟಾ.” ತುಂಗಮ್ಮ ಫೋನು ಕೆಳಗಿಟ್ಟರು. “ಅಳಿಯಂದ್ರೇ, ಈ ಎಲೆಗಳನ್ನ ಈಗಿನ್ನೂ ತೋರಿಸಿದ್ದೀರಿ. ಇದಕ್ಕೆ ಮುಂಚೆ ಯಾರಿಗಾದ್ರೂ ಹೇಳಿದ್ರಾ?”

“ಇಲ್ಲ. ದುಡ್ಡು ಹೋಯ್ತು ಅಂದೆ. ಎಲೆ ಯಾವುದು ಅಂತ ಯಾರೂ ಕೇಳ್ಲಿಲ್ಲ.”

“ಯಾರೂ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ. ಆದ್ರೂ ನಿಮ್ಮದು ಸೀಕ್ವೆನ್ಸ್, ಅವನದು ಕಲರ್ ಅಂತ ಒಬ್ಬರಿಗೆ ಆಗ್ಲೇ ಗೊತ್ತಿತ್ತು. ಎರಡೂ ಕೈ ಬಿಚ್ಚಿದ ಆ ನಾಲ್ಕು ಸೆಕೆಂಡು ಈ ಪರದೆ ಮುಂದೆ ನಿಂತೋರಿಗೆ ಮಾತ್ರ ಅದು ಗೊತ್ತಿರೋಕೆ ಸಾಧ್ಯ. ಜೊತೆಗೆ ಅವರಿಗೆ ಇದು ಅನ್ಯಾಯ ಅಂತಲೂ ಅನ್ನಿಸ್ತು. ಪೋಕರ್ ಬಲ್ಲ ಹರಿಗೆ ಅದು ಅನ್ಯಾಯ ಅಲ್ಲ. ಆಟವೇ ಗೊತ್ತಿಲ್ಲದ ಭೂಮಿಕಾಗೆ ಸೀಕ್ವೆನ್ಸ್ ಯಾವುದು, ಕಲರ್ ಯಾವುದು ಅಂತಲೇ ಗೊತ್ತಿಲ್ಲ. ಮೂರೆಲೆ ಆಡಿ ಪಳಗಿದ ಕೈಗೆ ಮಾತ್ರ, ಇಂಥ ಸೀಕ್ವೆನ್ಸ್ ಸೋಲೋಕೆ ಸಾಧ್ಯವೇ ಇಲ್ಲ ಅನ್ನಿಸುತ್ತೆ.”

ಯಾರೂ ಹೆಸರು ಹೇಳಬೇಕಾಗಲಿಲ್ಲ. ಆದರೆ ತುಂಗಮ್ಮ ಹೇಳಿದರು. “ಬೀಗರೇ, ಕಾಲ್ ಒತ್ತಿದ್ದು ನೀವು.”

ಪುಟ್ಟಯ್ಯ ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿದರು.

“ಇವನ ಅಮ್ಮ ಇದ್ದಾಗ ಆಡ್ತಿದ್ದೆ. ಕಾರ್ಖಾನೆ ಹಿಂದೆ, ಸಂಬಳದ ದಿನ. ಅವಳ ಎರಡು ಬಳೆ ಕಳೆದೆ. ಅವತ್ತಿಂದ ಮುಟ್ಟಿಲ್ಲ.” ಅವರು ಮಗನ ಕಡೆ ನೋಡಲಿಲ್ಲ. “ನೀನು ಎದ್ದು ಹೋದೆ. ಹತ್ತಿರ ಬಂದು ಬಗ್ಗಿ ನೋಡ್ದೆ. ಐದು ಎಲೆ ಸಾಲು ಕೂಡಿದೆ. ಟೈಮ್ ಓಡ್ತಿದೆ. ನಿನ್ನ ಕೂಗೋ ಅಷ್ಟು ಹೊತ್ತಿಲ್ಲ. ಗೆದ್ದೇ ಗೆಲ್ತಾನೆ, ಲೀಸೇನು, ಸೈಟೇ ತಗೋಬಹುದು ಅಂದ್ಕೊಂಡೆ. ಟವೆಲ್‌ಗೆ ಕೈ ಒರೆಸಿ ಹಸಿರು ಬಟನ್ ಒತ್ತಿಬಿಟ್ಟೆ.”

“ಮಾವ, ಬೆಳಗಿಂದ ನಾನು ಇವರನ್ನ ಸುಳ್ಳ ಅಂತಿದ್ದೆ. ಕೇಳಿಸ್ಕೊಂಡು ಕೂತಿದ್ರಾ?”

ಪುಟ್ಟಯ್ಯ ತಲೆ ತಗ್ಗಿಸಿದರು. ಎಪ್ಪತ್ತರ ಮನುಷ್ಯ ಸೊಸೆಯ ಮುಂದೆ ಹಾಗೆ ಕೂತದ್ದನ್ನು ನೋಡಲಾಗದೆ ಹರಿಪ್ರಸಾದ ಜಗಲಿಗೆ ಎದ್ದು ಹೋದ.

ಭೂಮಿಕಾ ಗಂಡನ ಹತ್ತಿರ ಬಂದಳು. “ತಪ್ಪಾಯ್ತು ರೀ. ನಾನು ನಂಬಬೇಕಿತ್ತು.” ಬ್ಯಾಗಿನ ಜಿಪ್ ಎಳೆದು, ಮಡಚಿಟ್ಟ ಸೀರೆಗಳನ್ನು ಹೊರಗೆ ತೆಗೆಯತೊಡಗಿದಳು.

ಕೇಸು ಮುಗಿದಿತ್ತು. ವಸಂತ ಗೆದ್ದಿದ್ದ. ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು. ಹೆಂಡತಿ ಉಳಿಯುತ್ತಾಳೆ, ತಪ್ಪೆಲ್ಲ ಅಪ್ಪನದಾಗುತ್ತದೆ. ಅವಳು ಮೂರನೇ ಸೀರೆ ಹೊರಗಿಡುವಾಗ ಅವನು ಬ್ಯಾಗಿನ ಮೇಲೆ ಕೈಯಿಟ್ಟ.

“ತೆಗೀಬೇಡ ಭೂಮಿ.”

ಅವಳು ನಿಂತಳು.

“ಎಲೆ ಕೆಳಗಿಡೋ ಫೋಲ್ಡ್ ಬಟನ್ ಒತ್ತೋಕೆ ಒಂದು ಸೆಕೆಂಡ್ ಸಾಕಿತ್ತು. ಅವನ ಹತ್ರ ಕಲರ್ ಇರ್ಬೋದು ಅಂತ ನಂಗೆ ಅನುಮಾನ ಇತ್ತು. ಆದ್ರೂ ಒತ್ತಲಿಲ್ಲ. ಏಳೋ ಮುಂಚೆ ಮೂವತ್ತು ಸೆಕೆಂಡ್ ಜಾಸ್ತಿ ಟೈಮ್ ಕೊಡೋ ಬಟನ್ ಒತ್ತಿ ಹೋದೆ, ಎಲೆ ಮಡಚಿ ಹೋಗ್ಬಾರ್ದು ಅಂತ. ಓಡಿ ಬಂದಿದ್ದು ಕಾಲ್ ಒತ್ತೋಕೇ. ಅಪ್ಪ ಮುಟ್ಟದೇ ಇದ್ದಿದ್ರೂ ನಾನೇ ಒತ್ತಿರ್ತಿದ್ದೆ.”

ತುಂಗಮ್ಮ ಫೋನಿನ ಕಡೆ ನೋಡಲಿಲ್ಲ. ಅದರಲ್ಲಿ ಆ ಮೂವತ್ತು ಸೆಕೆಂಡಿನ ಲೆಕ್ಕವೂ ಇತ್ತು, ಅವರು ಆಗಲೇ ಓದಿದ್ದರು.

ಭೂಮಿಕಾ ಮಂಚದ ಅಂಚಿಗೆ ಕೂತಳು. ಆಮೇಲೆ ಹೊರಗಿಟ್ಟ ಸೀರೆಗಳನ್ನು ಒಂದೊಂದಾಗಿ ಬ್ಯಾಗಿಗೆ ಹಾಕಿದಳು.

“ನಿಜ ಹೇಳಿದ್ರಿ. ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಅದೇ ಭಯ ಆಗ್ತಿದೆ ರೀ. ಸ್ವಲ್ಪ ದಿನ ಅಮ್ಮನ ಹತ್ರ ಇದ್ದು ಬರ್ತೀನಿ.”

ವಸಂತ ಚಪ್ಪಲಿ ಮೆಟ್ಟಿದ. ಬ್ಯಾಗನ್ನು ತಾನೇ ಎತ್ತಿಕೊಂಡು ಬಸ್ ಸ್ಟಾಪಿನವರೆಗೆ ಹೋದ. ಹೊಳೆಹೊನ್ನೂರಿನ ಬಸ್ಸು ಬೇಗನೇ ಬಂತು; ದೊಡ್ಡಮ್ಮ, ಅಣ್ಣನ ಜೊತೆ ಭೂಮಿಕಾ ಹತ್ತಿದಳು.

ಅವನು ವಾಪಸು ಬಂದಾಗ ಪುಟ್ಟಯ್ಯ ಅಲ್ಲೇ ಕೂತಿದ್ದರು.

“ನಾನು ಒಪ್ಕೊಂಡಿದ್ನಲ್ಲೋ. ನೀನು ಸುಮ್ಮನಿದ್ದಿದ್ರೆ ಅವಳು ಇರ್ತಿದ್ಲು.”

“ನೀವು ಬೆಳಗಿಂದ ಸುಮ್ಮನಿದ್ರಲ್ಲಪ್ಪ. ಹೇಗಿತ್ತು?”

ಪುಟ್ಟಯ್ಯ ಟವೆಲ್ ತೆಗೆದು ಮುಖ ಒರೆಸಿಕೊಂಡರು.

“ಉಸಿರು ಕಟ್ಟಿತ್ತು ಕಣೋ,” ಎಂದರು.