ವಿಶ್ರಾಂತಿ ಹಂತ ಅಲ್ಲರೀ

ಪುಟದ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: ‘ತಪ್ಪು. ಮತ್ತೊಮ್ಮೆ ವಿಚಾರ ಮಾಡಿ ಬರೆಯಿರಿ.’

ಓದಿದ ಕಲ್ಮೇಶ ನೋಟ್‌ಬುಕ್ಕನ್ನು ಟಪ್ಪನೆ ಮುಚ್ಚಿಬಿಟ್ಟ. ಯಾಕೆಂದರೆ ಅದರ ಮೇಲಿನ ಸಾಲನ್ನು ಅವನು ಪೆನ್ಸಿಲಿನಲ್ಲಿ, ಮೂರು ಸಲ ಅಳಿಸಿ, ಸಣ್ಣಕ್ಷರದಲ್ಲಿ ಬರೆದಿದ್ದ: ‘ಮೇಡಂ, ನನ್ನನ್ನು ಮದುವೆಯಾಗುತ್ತೀರಾ?’

ಅದು ೧೯೯೯. ಬೈಲಹೊಂಗಲದ ಪಿಯು ಕಾಲೇಜೊಂದರಲ್ಲಿ ಕಲ್ಮೇಶ ಕನ್ನಡ ಲೆಕ್ಚರರ್. ಜೀವಶಾಸ್ತ್ರದ ನಾಗರತ್ನಾ ಸವದತ್ತಿಯಿಂದ ದಿನಾ ಬಸ್ಸಿಗೆ ಬರುವವಳು. ಹಳ್ಳಿಯ ಕನ್ನಡ ಶಾಲೆಗಳಿಂದ ಬಂದ ಹುಡುಗರಿಗೆ ಇಂಗ್ಲಿಷ್ ಪುಸ್ತಕ ಕಬ್ಬಿಣದ ಕಡಲೆ ಎಂದು, ನೋಟ್ಸನ್ನು ಕನ್ನಡಕ್ಕೆ ತರುವ ಕೆಲಸವನ್ನು ಪ್ರಿನ್ಸಿಪಾಲರು ಇವರಿಬ್ಬರಿಗೆ ಹಚ್ಚಿದ್ದರು. ಜೂನಿನಿಂದ ಒಂದೇ ನೋಟ್‌ಬುಕ್ಕು ಇಬ್ಬರ ನಡುವೆ ಓಡಾಡುತ್ತಿತ್ತು. ಅವನು ಬರೆಯುವುದು, ಅವಳು ಕೆಂಪು ಪೆನ್ನಿನಿಂದ ತಿದ್ದುವುದು.

ಜೀವಕೋಶ ಒಡೆದು ಎರಡಾಗುವ ಮುಂಚೆ ಮೂರು ಕಡೆ ನಿಂತು ತಪಾಸಣೆ ಮಾಡಿಕೊಳ್ಳುತ್ತದೆ ಎಂದು ಅವಳು ವಿವರಿಸಿದಾಗ, ಇವನು ಆ ಚೆಕ್‌ಪಾಯಿಂಟಿಗೆ ‘ನಾಕಾ’ ಎಂದು ಬರೆದುಬಿಟ್ಟಿದ್ದ.

“ಸರ್, ಇದೇನ್ ಲಾರಿ ಏನ್ರಿ, ನಾಕಾದಾಗ ನಿಲ್ಲಾಕ?” ಎಂದು ಅವಳು ನಕ್ಕಿದ್ದಳು.

ನಕ್ಕರೆ ಅವಳ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿದ್ದವು. ಆ ಗಳಿಗೆಯಲ್ಲಿ ಅವಳನ್ನು ಧೈರ್ಯವಾಗಿ ನೋಡಬಹುದಿತ್ತು. ಕಲ್ಮೇಶ ನೋಡುತ್ತಿದ್ದ. ‘ನಾಕಾ’ವನ್ನು ಮಾತ್ರ ಅವಳು ಹೊಡೆದುಹಾಕಲಿಲ್ಲ.

ಈಗ ನೋಡಿದರೆ ಅವನ ಜೀವದ ಸಾಲಿಗೇ ತಪ್ಪು ಹಾಕಿದ್ದಳು. ಎಂಟು ದಿನ ಅವನು ಸ್ಟಾಫ್ ರೂಮಿನಲ್ಲಿ ಅವಳ ಎದುರು ಕೂಡಲಿಲ್ಲ. ಆ ನಡುವೆ ಅವನ ಅವ್ವ ಪದ್ಮವ್ವ ಕಟಕೋಳದ ನಿಜಗುಣಪ್ಪನ ಅಂಗಡಿಯಿಂದ ಕಾಲೇಜಿಗೆ ಫೋನು ಮಾಡಿ, “ರಾಮದುರ್ಗದಾಗ ಒಂದ್ ಕನ್ಯಾ ಐತಪಾ, ರವಿವಾರ ನೋಡಾಕ ಹೋಗೂಣೇನು?” ಎಂದಳು. ಸಿಟ್ಟಿಗೋ ದುಃಖಕ್ಕೋ, ಅವನು “ಹೂಂ” ಅಂದುಬಿಟ್ಟ.

ಶುಕ್ರವಾರ ಬೆಳಿಗ್ಗೆ ನಾಗರತ್ನಾ ಲ್ಯಾಬಿನ ಬಾಗಿಲಲ್ಲಿ ನಿಂತು ಕರೆದಳು.

“ಸರ್, ಒಂದ್ ಮಿನಿಟ್ ಒಳಗ ಬರ್ರಿ. ಉಳ್ಳಾಗಡ್ಡಿ ತೋರಸ್ತೇನಿ.”

“ಉಳ್ಳಾಗಡ್ಡಿ ನಮ್ಮ ಮನಿಯಾಗೂ ಅದಾವ್ರಿ.”

“ಇರ್ಲಿ ಬರ್ರಿ. ಇವು ನಿಮಗ ಬುದ್ಧಿ ಹೇಳೋವು.”

ಗಾಜಿನ ಲೋಟಗಳ ಬಾಯಿಗೆ ಕುಳಿತ ಉಳ್ಳಾಗಡ್ಡಿಗಳು ನೀರಿಗೆ ಬಿಳಿ ಬೇರು ಬಿಟ್ಟಿದ್ದವು. ಅವಳು ಒಂದು ಬೇರಿನ ತುದಿ ಕತ್ತರಿಸಿ, ಕೆಂಪು ಬಣ್ಣದಲ್ಲಿ ಬಿಸಿ ಮಾಡಿ, ಎರಡು ಗಾಜಿನ ನಡುವೆ ಇಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಹೆಬ್ಬೆರಳಿಗೂ ಬಣ್ಣ ಹತ್ತಿತು. ಕಲ್ಮೇಶ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ.

“ಏನ್ ಕಾಣತೈತ್ರಿ?”

“ಸಾಲಾಗಿ ಕೋಣಿ, ಒಳಗ ಒಂದೊಂದು ದುಂಡನ್ನ ಚುಕ್ಕಿ. ಭಾಳಷ್ಟು ಸುಮ್ನ ಕುಂತಾವ್ರಿ. ಒಂದೆರಡರಾಗ ಮಾತ್ರ ಎಳಿ ಎಳಿ ಕಾಣತಾವು.”

“ಆ ಎಳಿ ಅಂದ್ರ ವರ್ಣತಂತು. ಸುಮ್ನ ಕುಂತಾವಲ್ಲ, ಅವಕ್ಕ ನೀವು ‘ವಿಶ್ರಾಂತಿ ಹಂತ, ಕೋಶ ಏನೂ ಮಾಡುವುದಿಲ್ಲ’ ಅಂತ ಬರದೀರಿ. ನಾ ಅದಕ್ಕ ತಪ್ಪು ಅಂದ್ರ, ಎಂಟ್ ದಿನ ಮಾರಿ ತಿರುವಿಕೊಂಡು ಅಡ್ಡಾಡಾಕ ಹತ್ತೀರಿ!”

ಕಲ್ಮೇಶ ತಲೆ ಎತ್ತಿದ. “ತಪ್ಪು ಅಂತ ಬರದಿದ್ದು... ಆ ಪ್ಯಾರಾಕ್ಕೇನ್ರಿ?”

“ಮತ್ಯಾವುದಕ್ಕಂತ ತಿಳದಿದ್ರಿ?”

ಅಷ್ಟು ಹೇಳುವುದರಲ್ಲಿ ಅವಳಿಗೂ ಗೊತ್ತಾಯಿತು. ಕಿವಿ ಕೆಂಪಾದವು. ಲೋಟದಲ್ಲಿದ್ದ ಉಳ್ಳಾಗಡ್ಡಿಯನ್ನು ಸುಮ್ಮನೆ ತಿರುಗಿಸಿದಳು.

“ಪೆನ್ಸಿಲಿಂದು ಓದೇನ್ರಿ. ಅದಕ್ಕ ಪೆನ್ ಹಚ್ಚಿಲ್ಲ. ಹೊರಗ ಸುಮ್ನ ಕಂಡ್ರೂ ಕೋಶ ಒಳಗ ಎಷ್ಟ್ ದುಡೀತೈತಿ ಗೊತ್ತೈತೇನು? ತಾ ಬೆಳೀಬೇಕು, ಒಂದಿದ್ದ ತಂತುನೆಲ್ಲಾ ಎರಡು ಮಾಡ್ಕೋಬೇಕು. ನಾನೂ ಎಂಟ್ ದಿನ ಸುಮ್ನ ಕುಂತಿಲ್ಲ.”

“ಏನ್ ಮಾಡಿದ್ರಿ?”

“ನಿಮ್ಮ ನಾಕಾ ದಾಟಿದೆ. ಒಂದನೇದು, ನನಗ ಮನಸೈತೋ ಇಲ್ಲೋ. ಅದನ್ನ ಜುಲೈದಾಗನ ದಾಟೇನಿ.” ಈ ಮಾತನ್ನು ಅವಳು ಉಳ್ಳಾಗಡ್ಡಿಗೆ ಹೇಳಿದಳು. “ಎರಡನೇದು, ನಮ್ಮ ಅಪ್ಪ. ಮೊನ್ನೆ ಒಪ್ಪಿದ್ರು.”

ಕಲ್ಮೇಶ ಮೈಕ್ರೋಸ್ಕೋಪು ಬಿಟ್ಟು ಅವಳ ಹತ್ತಿರ ಬಂದ. “ಮೂರನೇದು?”

“ಮೂರನೇದಕ್ಕ ಎಲ್ಲಾ ತಂತುಗೂ ಎರಡೂ ಕಡೆಯಿಂದ ಹಿಡಿತ ಸಿಗಬೇಕ್ರಿ. ಒಂದು ಸಿಗಲಿಲ್ಲಂದ್ರೂ ಇಡೀ ಕೋಶ ತಡದು ನಿಲ್ಲತೈತಿ. ನಿಮ್ಮ ಕಡೆ ಒಂದ್ ಎಳಿ ಜೋತಾಡಾಕ ಹತ್ತೇತಿ.” ಅವಳ ದನಿ ಸಣ್ಣಗಾಯಿತು. “ಫೋನ್ ಬಂದಿದ್ದು ಆಫೀಸಿನವರು ಹೇಳಿದ್ರು. ರವಿವಾರ ರಾಮದುರ್ಗಕ್ಕ ಹೊಂಟೀರಂತಲ್ಲ.”

ಅವನು ಗೇಟಿನ ಎದುರಿನ ಎಸ್‌ಟಿಡಿ ಬೂತಿಗೆ ಓಡಿದ. ನಿಜಗುಣಪ್ಪ ಅವ್ವನನ್ನು ಕರೆಸುವ ತನಕ ಬೂತಿನ ಗಾಜಿನಲ್ಲಿ ತನ್ನ ಕೂದಲು ಸರಿಮಾಡಿಕೊಂಡ, ಯಾಕೆಂದು ಅವನಿಗೇ ತಿಳಿಯಲಿಲ್ಲ.

“ಅವ್ವಾ, ರಾಮದುರ್ಗ ಬ್ಯಾಡ. ರವಿವಾರ ಸವದತ್ತಿಗೆ ಹೋಗೂಣು.”

“ಸವದತ್ತಿಗ್ಯಾಕೋ? ಎಲ್ಲಮ್ಮಗ ಏನರೆ ಹರಕಿ ಹೊತ್ತೀಯೇನು?”

“ಹರಕಿ ಅಲ್ಲವ್ವಾ. ಸೊಸಿ.”

ಆ ಕಡೆ ಅಂಗಡಿಯ ಗದ್ದಲಕ್ಕೆ ಪದ್ಮವ್ವ ‘ಸುಮ್ನಿರ್ರೋ’ ಎಂದು ಗದರಿದ್ದು ಕೇಳಿಸಿತು.

“ಹುಡುಗಿ ಏನ್ ಮಾಡ್ತಾಳ?”

“ಕಾಲೇಜಿನಾಗ ಕಲಸ್ತಾಳವ್ವಾ. ನನ್ನ ತಪ್ಪೂ ತಿದ್ದತಾಳ.”

“ಹಂಗಂದ್ರ ನನ್ನ ಅರ್ಧಾ ಕೆಲಸ ಕಡಿಮಿ ಆತು,” ಎಂದಳು ಪದ್ಮವ್ವ. “ಸವದತ್ತಿ ಬಸ್ ಎಷ್ಟಕ್ಕೈತಿ, ಅದನ್ ಹೇಳು.”

ಅವನು ಏದುಸಿರು ಬಿಡುತ್ತ ಲ್ಯಾಬಿಗೆ ಬಂದಾಗ ಅವಳು ಲೋಟ ತೊಳೆಯುತ್ತಿದ್ದಳು. ತಿರುಗಲಿಲ್ಲ, ನಲ್ಲಿಯನ್ನು ಮಾತ್ರ ನಿಲ್ಲಿಸಿದಳು.

“ಎಳಿ ಸಿಕ್ತ್ರಿ,” ಎಂದ ಕಲ್ಮೇಶ. “ಅವ್ವ ಬಸ್ಸಿನ ಟೈಮ್ ಕೇಳ್ಯಾಳ.”

ನಾಗರತ್ನಾ ನಕ್ಕಳು. ಕಣ್ಣು ಪೂರ್ತಿ ಮುಚ್ಚಿಹೋದವು, ಈ ಸಲ ರೆಪ್ಪೆಯ ಅಂಚು ಒದ್ದೆಯಾಗಿತ್ತು.

“ವಿಶ್ರಾಂತಿ ಹಂತಕ್ಕ ಈಗ ಏನಂತ ಬರೀಲ್ರಿ?” ಎಂದು ಕೇಳಿದ ಕಲ್ಮೇಶ.

“ತಯಾರಿ ಹಂತ ಅಂತ ಬರೀರಿ.”

ಅವಳು ಕೈ ಒರೆಸಿಕೊಂಡು ನೋಟ್‌ಬುಕ್ಕು ತೆರೆದಳು. ಪೆನ್ಸಿಲಿನ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಏನೋ ಬರೆದು, ಅವನ ಕಡೆ ತಳ್ಳಿ, ಗಂಟೆ ಹೊಡೆಯಿತೆಂದು ಕ್ಲಾಸಿಗೆ ಹೊರಟುಹೋದಳು. ಗಂಟೆ ಇನ್ನೂ ಹೊಡೆದಿರಲಿಲ್ಲ.

ಕಲ್ಮೇಶ ಓದಿದ: ‘ಸರಿ. ಆದರೆ ಇದನ್ನು ಪೆನ್ನಿನಲ್ಲಿ ಬರೆಯಿರಿ.’