ಕಿಟಕಿಯಲ್ಲಿಟ್ಟ ಉಪಗ್ರಹಗಳು

“ಬರೀ ಎರಡು ಚಿಕ್ಕ ಸ್ಪೀಕರ್ ಮಾರಲ್ಲ ಅಜ್ಜಿ. ತಗೊಂಡ್ರೆ ಇಡೀ ಸೆಟ್ಟೇ ತಗೋಬೇಕು,” ಎಂದ ಅಂಗಡಿಯವನು. ಸೆಟ್ಟಿನ ಬೆಲೆಯನ್ನೂ ಹೇಳಿದ.

ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದಳು. “ಅಬ್ಬಬ್ಬಾ! ನಾನು ಕೇಳಿದ್ದು ಸ್ಪೀಕರ್ ಬೆಲೆ ಕಣಪ್ಪಾ, ನಿನ್ನ ಅಂಗಡಿ ಬೆಲೆ ಅಲ್ಲ.”

ಅಂಗಡಿಯವನು ನಕ್ಕ. ಅಜ್ಜಿಯ ಪಕ್ಕದಲ್ಲಿ ನಿಂತಿದ್ದ ರೇಡಿಯೋ ನಗಲಿಲ್ಲ.

ರೇಡಿಯೋ ಅಂದರೆ ಅಜ್ಜಿಯ ಮೊಮ್ಮಗಳು, ಐದನೇ ಕ್ಲಾಸು. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಅವಳ ಬಾಯಿಗೆ ಬಿಡುವೇ ಇಲ್ಲ. ಅದಕ್ಕೇ ಮನೆಯವರು ಇಟ್ಟ ಹೆಸರು. ಆದರೆ ಈ ವಾರ ಪೂರ್ತಿ ರೇಡಿಯೋ ಆಫ್ ಆಗಿತ್ತು. ಯಾಕೆ ಅನ್ನುವುದು ತನಗೊಬ್ಬಳಿಗೇ ಗೊತ್ತು ಎಂದು ಅವಳು ಅಂದುಕೊಂಡಿದ್ದಳು.

ಆದದ್ದು ಇಷ್ಟು. ಅಣ್ಣನ ಕಂಪ್ಯೂಟರಿಗೆ ಸರೌಂಡ್ ಸೌಂಡ್ ಸೆಟ್ ಇತ್ತು. ಧಡಧಡ ಅನ್ನಲಿಕ್ಕೆ ಮೇಜಿನ ಕೆಳಗೆ ಒಂದು ದೊಡ್ಡ ಡಬ್ಬ, ಸುತ್ತಲೂ ಐದು ಪುಟ್ಟ ಸ್ಪೀಕರ್. ಅವುಗಳಲ್ಲಿ ಎರಡು ಹಿಂದುಗಡೆ, ಕಿಟಕಿ ಪಕ್ಕದ ಶೆಲ್ಫಿನಲ್ಲಿ. ಸಿನಿಮಾದಲ್ಲಿ ಯಾರಾದರೂ ಹಿಂದಿನಿಂದ ಓಡಿ ಬಂದರೆ ನಿಜವಾಗಿಯೂ ನಮ್ಮ ಬೆನ್ನ ಹಿಂದೆಯೇ ಹೆಜ್ಜೆ ಸದ್ದು! ಭಾನುವಾರ ಸಂಜೆ ಅಣ್ಣ ಸಿನಿಮಾ ಹಾಕಿದರೆ ನಡುವಿನ ಕುರ್ಚಿ ಅಜ್ಜಿಗೇ ಮೀಸಲು. ಅವಳಿಗೆ ಕಣ್ಣು ಮಂಜು. “ನೀವು ಸಿನಿಮಾ ನೋಡಿ, ನಾನು ಕೇಳ್ತೀನಿ,” ಎನ್ನುತ್ತಿದ್ದಳು.

ಒಂದು ದಿನ ಅಜ್ಜಿ ಕೇಳಿದಳು, “ಆ ಪುಟ್ಟ ಸ್ಪೀಕರಿಗೆ ನಿಮ್ಮಣ್ಣ ಸ್ಯಾಟಲೈಟ್ ಅಂತಾನಲ್ಲ, ಹಾಗಂದ್ರೇನೇ?”

“ಉಪಗ್ರಹ ಅಜ್ಜಿ! ನಮ್ಮ ಟಿವಿ ಡಿಶ್ ಇಲ್ವಾ, ಹಾಗೇ. ಆಕಾಶ ಕಾಣದಿದ್ರೆ ಸರಿಯಾಗಿ ಕೆಲಸ ಮಾಡಲ್ಲ.”

ರೇಡಿಯೋಗೆ ಇದೆಲ್ಲ ಗೊತ್ತಿತ್ತೇ? ಎಲ್ಲಿಂದ ಗೊತ್ತು! ಗೊತ್ತಿಲ್ಲ ಅನ್ನುವುದು ಅವಳ ಜಾಯಮಾನವಲ್ಲ, ಅಷ್ಟೆ.

ಮರುದಿನ ಕೋಣೆ ಗುಡಿಸುವಾಗ ಅಜ್ಜಿ, ಪಾಪ, ಮೊಮ್ಮಗನಿಗೆ ಅನುಕೂಲವಾಗಲಿ ಎಂದು ಹಿಂದಿನ ಎರಡೂ ಸ್ಪೀಕರ್ ಎತ್ತಿ ಕಿಟಕಿಯಾಚೆ ಇಟ್ಟಳು. ಚೆನ್ನಾಗಿ ಆಕಾಶ ಕಾಣುವ ಹಾಗೆ, ಮುಖ ಮೇಲೆ ಮಾಡಿ. ಮಧ್ಯಾಹ್ನ ಜೋರು ಮಳೆ ಬಂತು.

ಅಣ್ಣ ಕಾಲೇಜಿನಿಂದ ಬಂದು ಸ್ಪೀಕರನ್ನು ಬಗ್ಗಿಸಿದರೆ ಬಳಬಳನೆ ನೀರು. “ಯಾರು ಇದನ್ನ ಹೊರಗಿಟ್ಟಿದ್ದು?” ಎಂದು ಕೂಗಿದ.

“ನಾನೇ ಕಣೋ,” ಎಂದಳು ಅಜ್ಜಿ. “ಸ್ಯಾಟಲೈಟ್ ಅಂದ್ರೆ ಆಕಾಶ ನೋಡಬೇಕೇನೋ ಅಂದ್ಕೊಂಡೆ.”

ಅಣ್ಣನ ಸಿಟ್ಟೆಲ್ಲ ನಗುವಾಯಿತು. ಅಪ್ಪ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ರಾಕೆಟ್ ಯಾವಾಗ ಬಿಡ್ತೀಯ ಅಜ್ಜಿ?” ಎಂದು ಅಣ್ಣ ದಿನಾ ಕಿಚಾಯಿಸಿದ. ಅಜ್ಜಿಯೂ ನಗುತ್ತಿದ್ದಳು. ಆದರೆ ಕಳೆದ ಭಾನುವಾರ ಸಿನಿಮಾಕ್ಕೆ ಕರೆದಾಗ, “ನಂಗೆ ಕೆಲಸ ಇದೆ, ನೀವು ನೋಡ್ಕೊಳ್ಳಿ,” ಎಂದುಬಿಟ್ಟಳು. ರೇಡಿಯೋ ಹೋಗಿ ಇಣುಕಿದರೆ ಕೆಲಸವೂ ಇಲ್ಲ, ಏನೂ ಇಲ್ಲ. ಅಜ್ಜಿ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ರೇಡಿಯೋಗೆ ತುಂಬಾ ಸಂಕಟವಾಯಿತು. ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಅಣ್ಣ ತನ್ನನ್ನು ಬಿಟ್ಟಾನೆಯೇ? ಬಾಯಿ ತೆರೆಯಲೇ ಇಲ್ಲ.

ಈ ಭಾನುವಾರ ಬೆಳಿಗ್ಗೆ ಇಬ್ಬರೂ ಅಣ್ಣನಿಗೆ ಹೇಳದೆ ಹೊರಟಿದ್ದರು.

ದೊಡ್ಡ ಅಂಗಡಿಯಿಂದ ಹೊರಬಂದು ಹಿಂದಿನ ಓಣಿಗೆ ಹೋದರು. ಅಲ್ಲಿ ಹಳೇ ಸಾಮಾನು ಮಾರುವ ಗುಜರಿ ಮಾಮ ಇದ್ದ. ಕೆಟ್ಟ ಮಿಕ್ಸಿ, ರೆಕ್ಕೆಯಿಲ್ಲದ ಫ್ಯಾನು, ಗೋಜಲು ಗೋಜಲು ವೈರುಗಳ ನಡುವೆ ಅವನ ತಲೆ ಮಾತ್ರ ಕಾಣುತ್ತಿತ್ತು. ರೇಡಿಯೋ ಚೀಲದಿಂದ ನೆನೆದು ಕೆಟ್ಟ ಸ್ಪೀಕರ್ ತೆಗೆದುಕೊಟ್ಟಳು.

ಮಾಮ ಅದರ ಬೆನ್ನು ನೋಡಿದ. “ನಾಲ್ಕು ಓಮ್. ಇದೇ ನಂಬರಿನದೇ ಆಗಬೇಕು. ಪಿನ್ನೂ ಹೊಂದಬೇಕು.” ಡಬ್ಬದ ಮೇಲೆ ಡಬ್ಬ ಇಳಿಸಿ, ಸೀನಿ, ಕೊನೆಗೆ ಎರಡು ಹುಡುಕಿದ. ಒಂದು ಕಪ್ಪು, ಒಂದು ಬಿಳಿ. “ಬಣ್ಣ ಬೇರೆ ಬೇರೆ, ಆದ್ರೆ ದನಿ ಚೆನ್ನಾಗಿದೆ. ದೊಡ್ಡ ಅಂಗಡಿಯವರ ಪ್ಯಾಕಿಂಗ್ ಡಬ್ಬದ ಬೆಲೆಗೆ ಕೊಡ್ತೀನಿ.”

ವೈರು ಸಿಕ್ಕಿಸಿ ಹಾಡು ಹಾಕಿದ. ಅಜ್ಜಿ ಎರಡಕ್ಕೂ ಕಿವಿ ಇಟ್ಟು ಕೇಳಿ ತಲೆಯಾಡಿಸಿದಳು.

“ಅಲ್ಲಾ, ಹಳೇದಕ್ಕೆ ಏನಾಯ್ತು? ಬಾವಿಗೆ ಬಿತ್ತಾ?” ಎಂದ ಮಾಮ.

“ಅದೊಂದು ಕತೆ. ಸ್ಯಾಟಲೈಟ್ ಅಂದ್ರೆ ಉಪಗ್ರಹವಂತೆ. ಉಪಗ್ರಹ ಏನು ಬಂತು, ನನ್ನ ಗ್ರಹಚಾರ! ಆಕಾಶ ನೋಡ್ಲಿ ಅಂತ ಮಳೇಲಿಟ್ಟೆ.”

ಮಾಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಪಕ್ಕದ ಅಂಗಡಿಯವನನ್ನೂ ಕರೆದ. “ಏ, ಬಾರೋ ಇಲ್ಲಿ, ಈ ಅಜ್ಜಿ ಕತೆ ಕೇಳು!” ಅಜ್ಜಿಯೂ ನಕ್ಕಳು. ಆದರೆ ಅವಳ ಬೆರಳುಗಳು ಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದವು. ರೇಡಿಯೋ ಅದನ್ನು ನೋಡಿದಳು.

“ಅಜ್ಜಿಗೆ ಹಾಗೆ ಹೇಳಿದ್ದು ನಾನು!” ಎಂದಳು. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. “ನಂಗೇ ಗೊತ್ತಿರ್ಲಿಲ್ಲ. ಸುಮ್ನೆ ಹೇಳ್ದೆ.”

ಮಾಮನ ನಗು ಅರ್ಧಕ್ಕೆ ನಿಂತಿತು. ಸ್ಪೀಕರುಗಳನ್ನು ಪೇಪರಿನಲ್ಲಿ ಸುತ್ತಿಕೊಟ್ಟ.

ದಾರಿಯಲ್ಲಿ ರೇಡಿಯೋ ಮೆಲ್ಲಗೆ ಕೇಳಿದಳು, “ಅಜ್ಜೀ, ನಾನು ಹೇಳಿದ್ದು ನಿಂಗೆ ಮರೆತುಹೋಗಿತ್ತಾ?”

“ಮರೆಯೋದಾ? ಚೆನ್ನಾಗೇ ನೆನಪಿತ್ತು.”

“ಮತ್ತೆ ಅಣ್ಣಂಗೆ ಯಾಕೆ ಹೇಳ್ಲಿಲ್ಲ?”

“ನನ್ನ ನೋಡಿ ನಕ್ರೆ ಎರಡು ವಾರ ನಗ್ತಾರೆ. ನಿನ್ನ ಹಿಡ್ಕೊಂಡ್ರೆ ನೀನು ದೊಡ್ಡವಳಾಗೋವರೆಗೂ ಬಿಡಲ್ಲ. ನಿಮ್ಮಣ್ಣನ ಬಾಯಿ ನಂಗೊತ್ತಿಲ್ವಾ?”

ರೇಡಿಯೋ ಅಜ್ಜಿಯ ಕೈಯಿಂದ ಚೀಲ ತೆಗೆದುಕೊಂಡು ನಡೆದಳು.

ಮನೆಗೆ ಬಂದವಳೇ ಅಣ್ಣನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಣ್ಣ ಕಿಚಾಯಿಸಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. “ಸರಿ ವಿಜ್ಞಾನಿಗಳೇ, ಆ ವೈರ್ ಹಿಡ್ಕೋ ಬಾ,” ಎಂದ.

ಸಂಜೆ ಅಜ್ಜಿಯನ್ನು ರೇಡಿಯೋ ಕೈಹಿಡಿದು ಎಳೆದು ತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದಳು. ಸಿನಿಮಾ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದರಲ್ಲಿ ಮಳೆ ಬಂತು. ಬೆನ್ನ ಹಿಂದೆ, ಮೊದಲು ಬಿಳಿ ಸ್ಪೀಕರಿನಲ್ಲಿ ಟಪಟಪ, ಆಮೇಲೆ ಕಪ್ಪಿನಲ್ಲಿ, ಕೊನೆಗೆ ಎರಡರಲ್ಲೂ ಧೋ ಎಂದು.

“ಅಯ್ಯೋ, ಮಳೆ! ಸ್ಪೀಕರು!” ಅಜ್ಜಿ ಗಾಬರಿಯಿಂದ ಅರ್ಧ ಎದ್ದಳು.

ಹೊರಗೆ ಹೊಂಬಿಸಿಲು ಬಿದ್ದಿತ್ತು. ಅಣ್ಣ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದ.

ರೇಡಿಯೋ ಎದ್ದುಹೋಗಿ ಕಿಟಕಿ ಮುಚ್ಚಿದಳು.

“ಹಾಕ್ದೆ ಅಜ್ಜಿ, ಕೂತ್ಕೋ,” ಎಂದಳು.