ಅಕ್ಕನ ಅಳುಹಾಡುಗಳು

ಅವಳಿಗೆ ಹೇಳಿಕೊಳ್ಳುವಂಥ ದುಃಖ ಒಂದೂ ಇರಲಿಲ್ಲ. ಬೇರೆ ಕಡೆಯಾಗಿದ್ದರೆ ಅದು ಕೊರತೆ ಅನ್ನಿಸುತ್ತಿರಲಿಲ್ಲ. ಕೃತಕ ಹಲ್ಲು ತಯಾರಿಸುವ ಆ ಲ್ಯಾಬಿನಲ್ಲಿ ಅನ್ನಿಸುತ್ತಿತ್ತು.

ಅಲ್ಲಿ ಇದ್ದದ್ದು ಒಂದೇ ಸ್ಪೀಕರ್. ಯಾರ ಹಾಡು ಹಾಕಬೇಕು ಅಂತ ದಿನಾ ಜಗಳವಾಗಿ, ಕೊನೆಗೆ ಪ್ಲಾಸ್ಟರ್ ಅಚ್ಚು ಎರೆಯುವ ಹೆಂಗಸು ಒಂದು ನಿಯಮ ಮಾಡಿದ್ದರು. ಎಲ್ಲರಿಗೂ ಅವರು ಚಿಕ್ಕಮ್ಮ. "ಯಾರಿಗೆ ಮನಸ್ಸು ಸರಿಯಿಲ್ಲವೋ ಅವತ್ತು ಸ್ಪೀಕರ್ ಅವರದು. ಯಾಕೆ ಅಂತ ಮಾತ್ರ ಯಾರೂ ಕೇಳಕೂಡದು."

ಹೆಚ್ಚಾಗಿ ಅದು ಹೋಗುತ್ತಿದ್ದದ್ದು ಮೇಣನ ಕೈಗೆ. ಮೇಣದಲ್ಲಿ ಹಲ್ಲು ಕೆತ್ತುವವನಾದ್ದರಿಂದ ಅವನಿಗೆ ಆ ಹೆಸರು. ಅವನು ಕೆತ್ತಿದ ಹಲ್ಲು ಲೋಹದಲ್ಲಿ ಎರಕವಾಗಿ ಬಂದ ಮೇಲೆ ಅದಕ್ಕೆ ಪಿಂಗಾಣಿ ಪುಡಿಯ ಬಣ್ಣ ಕೂರಿಸುವವಳು ದುಃಖವಿಲ್ಲದ ಇವಳು. ಹಾಗಾಗಿ ಇವಳು ಪುಡಿ. ಇಬ್ಬರದೂ ಎದುರುಬದುರು ಬೆಂಚು.

ಅವನು ಹಾಕುತ್ತಿದ್ದದ್ದು ಒಂದೇ ಹಾಡು. ತಗ್ಗಿದ ದನಿಯ ಹೆಂಗಸೊಬ್ಬಳು ಯಾರೋ ಎದ್ದುಹೋದ ಕೋಣೆಯ ಬಗ್ಗೆ ಹಾಡುತ್ತಿದ್ದಳು. ಎರಡನೇ ಚರಣ ಬಂತೆಂದರೆ ಮೇಣನ ಚಾಕು ನಿಲ್ಲುತ್ತಿತ್ತು, ರೆಪ್ಪೆ ಇಳಿಯುತ್ತಿತ್ತು. ಆ ಉದ್ದ ರೆಪ್ಪೆಯ ಹಿಂದೆ ಯಾವಳು ಕೂತಿದ್ದಾಳೋ ಅಂತ ನೆನೆದರೆ ಸಾಕು, ಪುಡಿ ಕುಂಚವನ್ನು ನೀರಿನ ಬಟ್ಟಲಿಗೆ ಕುಕ್ಕುತ್ತಿದ್ದಳು.

"ತುಂಬಾ ಚೆನ್ನಾಗಿದ್ದಳಾ?" ಅಂದಳು ಒಂದು ದಿನ, ಕುಂಚದ ತುದಿ ನೋಡುತ್ತ.

"ಯಾರು?"

"ಅದೇ, ಎರಡನೇ ಚರಣ."

ಅವನ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. "ಕೇಳಕೂಡದು. ಚಿಕ್ಕಮ್ಮನ್ನ ಕರೀಲಾ?"

"ಕರಿ, ಕರಿ. ಯಾವಳಾದರೆ ನನಗೇನು?"

ಆ ಮಧ್ಯಾಹ್ನ ಅವಳು ಮಾಡಿದ ಹಲ್ಲುಗಳೆಲ್ಲ ಬೇಕಾದ್ದಕ್ಕಿಂತ ಹಳದಿಯಾಗಿ ಬಂದವು.

ಮನೆಯಲ್ಲಿ ಅಕ್ಕನಿಗೆ ದುಃಖಕ್ಕೇನೂ ಬರವಿರಲಿಲ್ಲ. ಒಬ್ಬ ಕೈಕೊಟ್ಟು ಹೋದ ಮೇಲೆ ಅವಳ ಫೋನಿನ ತುಂಬ ಅಳುಹಾಡುಗಳು. ನೆಟ್ಟಗಿದ್ದವರೂ ಕೇಳಿದರೆ ಗೋಡೆಗೆ ಮುಖಮಾಡಿ ಮಲಗಬೇಕು, ಅಂಥವು. ಪುಡಿ ಅಷ್ಟನ್ನೂ ತನ್ನ ಫೋನಿಗೆ ಇಳಿಸಿಕೊಂಡಳು.

ಮರುದಿನ ಮೇಣ ಕೈಚಾಚುವ ಮೊದಲೇ ಸ್ಪೀಕರ್ ಎತ್ತಿಕೊಂಡಳು. "ಇವತ್ತು ನಂದು."

ಎಲ್ಲರೂ ತಿರುಗಿ ನೋಡಿದರು. ಚಿಕ್ಕಮ್ಮ ಪ್ಲಾಸ್ಟರಿನ ಕೈಯಲ್ಲೇ ಬಂದು, "ಅಯ್ಯೋ ಕೂಸೇ," ಅಂತ ತಲೆ ಸವರಿ, ಕೂದಲನ್ನೆಲ್ಲ ಬೆಳ್ಳಗೆ ಮಾಡಿ ಹೋದರು.

ಮೇಣ ಮಾತ್ರ ನೋಡುತ್ತಲೇ ಇದ್ದ. ಮೂರನೇ ಹಾಡಿಗೆ ತಡೆಯಲಾಗಲಿಲ್ಲ. "ಯಾರು ಅದು?"

"ಕೇಳಕೂಡದು."

"ಪುಡಿ, ಯಾರೇ ಅವನು?"

ಅವನ ದನಿಯಲ್ಲಿದ್ದ ಉರಿ ಅವಳಿಗೆ ತಂಪೆನಿಸಿತು. "ಇದ್ದ ಒಬ್ಬ," ಅಂದಳು. ಅಕ್ಕನವನ ಕಂದು ಕೋಟು, ಎಡಕ್ಕೆ ವಾಲುವ ನಡಿಗೆ, ನಗುವಾಗ ಮೂಗು ಉಜ್ಜುವ ಚಾಳಿ, ಎಲ್ಲ ಕಡ ತಂದು ಒಬ್ಬನನ್ನು ನಿಲ್ಲಿಸಿದಳು. "ಈಗ ಕರೆದರೂ ಎದ್ದು ಹೋಗಿಬಿಡ್ತೀನೇನೋ."

ಮೇಣನ ಕೈಯಲ್ಲಿದ್ದ ಹಲ್ಲು ಚಾಕುವಿಗೆ ಸಿಕ್ಕಿ ಎರಡಾಯಿತು. "ಹೋಗು ಹಾಗಾದ್ರೆ," ಅಂದ.

ಆಮೇಲೆ ಅವನು ಸ್ಪೀಕರ್ ಕೇಳಲಿಲ್ಲ. ಮಾತೂ ಆಡಲಿಲ್ಲ. ಪುಡಿ ಗೆದ್ದೆ ಅಂದುಕೊಂಡಳು.

ಶನಿವಾರ ಯಜಮಾನರು ಎಲ್ಲರನ್ನೂ ಕರೆದು ಹೇಳಿದರು, "ಸೋಮವಾರದಿಂದ ಮೇಣ ನಮ್ಮ ಇನ್ನೊಂದು ಊರಿನ ಲ್ಯಾಬಿಗೆ. ಎಷ್ಟು ಕೇಳಿದರೂ ಒಲ್ಲೆ ಅಂತಿದ್ದ, ಈ ವಾರ ತಾನಾಗಿ ಬಂದು ಒಪ್ಪಿಕೊಂಡ. ಅವನ ಜಾಗಕ್ಕೆ ಹೊಸಬನೂ ಗೊತ್ತಾಗಿದ್ದಾನೆ."

ಪುಡಿ ಅವನನ್ನು ಮೆಟ್ಟಿಲಲ್ಲಿ ಅಡ್ಡಗಟ್ಟಿದಳು. "ಅವಳಿದ್ದಾಳಾ ಅಲ್ಲಿ?"

"ಯಾವಳು?"

"ಎರಡನೇ ಚರಣ!"

"ಯಾವಳೂ ಇಲ್ಲಮ್ಮ," ಅಂದ ಅವನು, ಸೋತ ದನಿಯಲ್ಲಿ. "ಲ್ಯಾಬಿನ ಪಾರ್ಸೆಲ್ ಒಯ್ಯೋ ಹುಡುಗ ಬರ್ತಾನಲ್ಲ, ಅವನ ಜೊತೆ ನೀನು ಹಲ್ಲು ಕಿರಿದಾಗೆಲ್ಲ ಆ ಹಾಡು ಹಾಕ್ತಿದ್ದೆ. ಅಷ್ಟೇ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ನಂಗೂ ಯಾರೂ ಇಲ್ಲ ಕಣೋ. ಆ ಕೋಟಿನವನು ನಮ್ಮಕ್ಕನವನು."

"ಸುಮ್ನಿರು. ಪಾಪ ಅಂತ ನನಗೆ ಸುಳ್ಳು ಹೇಳ್ಬೇಡ."

ಅವನ ಎದುರಿಗೇ ಅಕ್ಕನಿಗೆ ಫೋನ್ ಮಾಡಿ, ಅವನಿಗೂ ಕೇಳುವ ಹಾಗೆ ಹಿಡಿದು, ನಡೆದದ್ದೆಲ್ಲ ಒದರಿದಳು. ಅಕ್ಕ ಕೆರಳಿದಳು. "ಕಳ್ಳಿ! ನನ್ನ ಬಟ್ಟೆ ಕದಿಯೋದು ಸಾಲದು ಅಂತ ನನ್ನ ದುಃಖಾನೂ ಕದ್ದ್ಯಾ? ಆ ಮೂಗು ಉಜ್ಜೋನು ನನ್ನವನು ಕಣೇ!" ಅಲ್ಲಿಗೆ ಅವಳ ದನಿ ಒಡೆಯಿತು, ಫೋನ್ ಇಟ್ಟಳು.

ಮೇಣ ನಗಲಿಲ್ಲ. ಪಕ್ಕದಲ್ಲಿ ಕೂತ. ಮೊಣಕೈಗೆ ಮೊಣಕೈ ತಗುಲಿತು. ಇಬ್ಬರೂ ಸರಿಯಲಿಲ್ಲ.

"ನನ್ನನ್ನ ಕಂಡರೆ ಇಷ್ಟ ಅಂತ ಮೊದಲೇ ಹೇಳಬಾರದಿತ್ತಾ?" ಅಂದಳು.

"ಕೇಳಕೂಡದು ಅಂತ ಇತ್ತಲ್ಲ."

"ಹೇಳಕೂಡದು ಅಂತ ಇರಲಿಲ್ಲ."

ಇಬ್ಬರೂ ಹೋಗಿ, ಮೇಣ ಇಲ್ಲೇ ಇರಲಿ ಅಂತ ಯಜಮಾನರ ಮುಂದೆ ನಿಂತರು. ಹೊಸಬನಿಗೆ ಮಾತು ಕೊಟ್ಟಾಗಿತ್ತು. ಸೋಮವಾರ ಮೇಣ ಹೋದ.

ಈಗ ಅವನು ಭಾನುವಾರದ ಮೊದಲ ಬಸ್ಸಿಗೆ ಬರುತ್ತಾನೆ. ಇಳಿದು ಕಾಲೂರುವ ಮೊದಲೇ ವಿಚಾರಣೆ ಶುರು.

"ಅಲ್ಲಿ ಬಣ್ಣದ ಕೆಲಸ ಯಾರು ಮಾಡ್ತಾರೆ?"

"ಒಬ್ಬಳು."

"ನಗ್ತಾಳಾ?"

"ಮಾಸ್ಕ್ ಹಾಕಿರ್ತಾಳೆ. ನೋಡಿಲ್ಲ."

"ಕಣ್ಣು ಕಾಣುತ್ತಲ್ಲ?"

"ಅಷ್ಟು ಹತ್ತಿರ ಹೋಗಿ ನೋಡ್ಕೊಂಡು ಬರಲಾ?"

ಅವಳು ಅವನ ತೋಳನ್ನು ಚಿವುಟಿ ಹಿಡಿಯುತ್ತಾಳೆ. ಸಂಜೆಯ ಬಸ್ಸು ಬರುವ ತನಕ ಬಿಡುವುದಿಲ್ಲ.

ಇಬ್ಬರಿಗೂ ವಾರದಲ್ಲಿ ಒಂದು ದಿನ ಉಳಿಯಿತು. ಎದುರುಬದುರು ಬೆಂಚಿನ ಆರು ಹೋದವು.